ದುರ್ಗ–ದಾವಣಗೆರೆ ಸೀಮೆಯ ಕುರುಚಲು ಕಾಡು ನೋಡುವ ಬಗೆ

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಜಾಲಾಡಿದರೂ ಒಂದು ರಾಷ್ಟ್ರೀಯ ಉದ್ಯಾನ ಸಿಗುವುದಿಲ್ಲ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ ಎಲ್ಲವೂ ಘಟ್ಟದ ಸಾಲಿನಲ್ಲೋ ರಾಜ್ಯದ ದಕ್ಷಿಣದ ಕಡೆಗೋ ಇವೆ. ಇಲ್ಲಿ ಇರುವುದು ವನ್ಯಧಾಮಗಳು, ಮೀಸಲು ಅರಣ್ಯ, ಅಮೃತಮಹಲ್ ಕಾವಲುಗಳು (ಆ ತಳಿಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲು), ಬಂಡೆಗುಡ್ಡಗಳು. ಸಫಾರಿ ಬಸ್ಸಿಲ್ಲ, ಆನೆ ಹಿಂಡಿಲ್ಲ. ಆದರೆ ನಾಲ್ಕು ಕೊಂಬಿನ ಕೊಂಡುಕುರಿ, ಕೃಷ್ಣಮೃಗ, ಚಿಂಕಾರ, ಕರಡಿ, ತೋಳ, ಕತ್ತೆಕಿರುಬ, ಚಿರತೆ ಇಷ್ಟೂ ಒಂದು ದಿನದ ದಾರಿಯೊಳಗೆ ಬದುಕಿರುವ ಜಾಗ ರಾಜ್ಯದಲ್ಲಿ ಹೆಚ್ಚಿಲ್ಲ.

ಇವನ್ನು ನೋಡಲು ಮೊದಲು ಮಣ್ಣು, ನೀರು, ಹುಲ್ಲು ಓದುವುದನ್ನು ಕಲಿಯಬೇಕು. ಬಯಲುಸೀಮೆಯ ಪ್ರಾಣಿ ಕಣ್ಣಿಗೆ ಬೀಳುವುದು ಅರೆನಿಮಿಷ. ಅದರ ಗುರುತು ನೆಲದ ಮೇಲೆ ವಾರಗಟ್ಟಲೆ ಇರುತ್ತದೆ.

ಮೊದಲು ಜಾಗ ಗೊತ್ತುಮಾಡಿಕೊಳ್ಳಿ

ನಕ್ಷೆ ಹರಡಿಕೊಂಡು ಮೂರು ಬಗೆಯ ನೆಲವನ್ನು ಬೇರೆ ಮಾಡಿ. ಮರಗಿಡಗಳಿರುವ, ಹಳ್ಳ ಹರಿಯುವ ಕೆಮ್ಮಣ್ಣಿನ ಗುಡ್ಡ ಕೊಂಡುಕುರಿಯದು. ತೆರೆದ ಹುಲ್ಲುಗಾವಲು, ಎರೆಹೊಲ, ಕಾವಲು ಕೃಷ್ಣಮೃಗದ್ದು. ದುಂಡುಬಂಡೆಗಳು ಒಂದರ ಮೇಲೊಂದು ಕೂತ, ನಡುವೆ ಗವಿಗಳಿರುವ ಗುಡ್ಡ ಕರಡಿಯದು. ಚಿಂಕಾರ ಮೊದಲೆರಡರ ನಡುವಿನ ಕುರುಚಲು ಇಳಿಜಾರಿನಲ್ಲಿರುತ್ತದೆ. ಚಿರತೆಗೆ ಎಲ್ಲವೂ ಒಂದೇ.

ಕೊಂಡುಕುರಿಗೆಂದೇ ಇರುವ ಜಾಗ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮ. 77.24 ಚದರ ಕಿ.ಮೀ. ವಿಸ್ತಾರ, 2011ರಲ್ಲಿ ಘೋಷಣೆಯಾಯಿತು. ದೊಡ್ಡ ಮರಗಳ ಕಾಡನ್ನು ನಿರೀಕ್ಷಿಸಿ ಹೋದವರಿಗೆ ‘ಇದೂ ಒಂದು ಕಾಡೇ?’ ಅನಿಸಬಹುದು. ಬಂದರಿಕೆ, ಕಾರೆ, ಕವಳಿ, ಕಗ್ಗಲಿ, ಅಲ್ಲಲ್ಲಿ ಮುತ್ತುಗ. ಕೊಂಡುಕುರಿಗೆ ಬೇಕಾಗಿರುವುದೂ ಇಷ್ಟೇ: ಅಡಗಲು ಎದೆಯೆತ್ತರದ ಪೊದೆ, ಮೇಯಲು ಚಿಗುರು, ಹತ್ತಿರದಲ್ಲಿ ನೀರು.

ಚಿತ್ರದುರ್ಗ ನಗರಕ್ಕೆ ಸುಮಾರು 10 ಕಿ.ಮೀ. ದೂರದ ಜೋಗಿಮಟ್ಟಿ ಹೊಸಬರು ಶುರುಮಾಡಲು ತಕ್ಕ ಜಾಗ. ಡಾಂಬರು ದಾರಿಯಿದೆ, ಎತ್ತರವಿದೆ, ತಂಪಿದೆ. ಕಣಿವೆಗಳಲ್ಲಿ ಹಸಿರು ಬೇಸಗೆಯಲ್ಲೂ ಪೂರ್ತಿ ಬಾಡುವುದಿಲ್ಲ. ಗಾಳಿಯಂತ್ರಗಳ ಸಾಲು ನೋಡಿ ಮುಖ ತಿರುಗಿಸಬೇಡಿ. ಅವುಗಳ ಕೆಳಗಿನ ಬಂಡೆಗಳ ಕಡೆ ದುರ್ಬೀನು ಹಿಡಿದರೆ ಹಳದಿ ಕೊರಳಿನ ಪಿಕಳಾರ ಕಾಣುವ ಅವಕಾಶವಿದೆ. ಪ್ರಪಂಚದಲ್ಲಿ ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು.

ಕೃಷ್ಣಮೃಗಕ್ಕೆ ದಾವಣಗೆರೆಯಿಂದ ಹತ್ತಿರದ ಖಾತ್ರಿ ಜಾಗ ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ವನ್ಯಧಾಮ. 1974ರಿಂದ ಇದೆ, 119 ಚದರ ಕಿ.ಮೀ.; ಹುಲ್ಲತ್ತಿ, ಹುಣಸಿಕಟ್ಟಿ, ಅಳಗೇರಿ ಎಂಬ ಮೂರು ತುಂಡು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹರಿಹರ ದಾಟಿ ಹೋದರೆ ಸುಮಾರು ಒಂದು ಗಂಟೆಯ ದಾರಿ. ಒಂದು ಕಾಲಕ್ಕೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಇದು ಹೆಸರಾಗಿತ್ತು. ಹುಲ್ಲುಗಾವಲು ಎಂದರೆ ಪಾಳುಭೂಮಿ ಎಂಬ ತಿಳಿವಳಿಕೆಯಲ್ಲಿ ನೀಲಗಿರಿ ನೆಟ್ಟರು. ಬಯಲಲ್ಲಿ ದೂರದವರೆಗೆ ಕಣ್ಣು ಹಾಯದ ಕಡೆ ಆ ಹಕ್ಕಿ ನಿಲ್ಲುವುದಿಲ್ಲ. ಚಳ್ಳಕೆರೆ ಕಡೆಯ ಕಾವಲುಗಳಲ್ಲೂ ಕೃಷ್ಣಮೃಗಗಳಿದ್ದವು. ಈಗ ಅಲ್ಲಿನ ದೊಡ್ಡ ಭಾಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. ಆ ಬೇಲಿಯ ಪಕ್ಕ ಕ್ಯಾಮೆರಾ ಹಿಡಿದು ಓಡಾಡಿದರೆ ಪ್ರಶ್ನೆಗಳು ಬರುತ್ತವೆ, ಬೇಡ.

ಚಿಂಕಾರಕ್ಕೆ ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ವನ್ಯಧಾಮ, ಹಿರಿಯೂರಿನ ಕಡೆಯಿಂದ ಹೋಗಬಹುದು. ಕರಡಿಗೆ ಮೊಳಕಾಲ್ಮೂರು–ಜಗಳೂರಿನ ಆಚೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಇದೆ. ಆದರೆ ಕರಡಿಯನ್ನು ಕಣ್ಣಾರೆ ನೋಡಲೇಬೇಕು ಎನ್ನುವವರು ಸೀದಾ ಹಂಪಿ ಬಳಿಯ ದರೋಜಿಗೆ ಹೋಗುವುದು ವಾಸಿ. 1994ರಲ್ಲಿ ಘೋಷಣೆಯಾದ ಆ ಕರಡಿಧಾಮದಲ್ಲಿ ವೀಕ್ಷಣಾ ಗೋಪುರದಿಂದ ಸಂಜೆ ಹೊತ್ತು ನೋಡಬಹುದು. ನಮ್ಮ ಗುಡ್ಡಗಳಲ್ಲಿ ಕರಡಿಯನ್ನು ಹುಡುಕಿಕೊಂಡು ಹೋಗಬಾರದು; ಕಾರಣ ಮುಂದೆ ಬರುತ್ತದೆ.

ಅನುಮತಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಒಳಗೆ ಹಾದುಹೋಗುವ ಸಾರ್ವಜನಿಕ ಹೆದ್ದಾರಿಯಲ್ಲಿ ಪ್ರಯಾಣಿಸಬಹುದು. ಅಲ್ಲಿಂದ ಇಳಿದು ಪೊದೆಯೊಳಗೆ ನುಗ್ಗಿದರೆ ತಪ್ಪು. ಅಧ್ಯಯನ, ಛಾಯಾಗ್ರಹಣ, ಪ್ರವಾಸಕ್ಕೆ ಅನುಮತಿ ಕೊಡಲು 28ನೇ ಕಲಂನಲ್ಲಿ ಅವಕಾಶವಿದೆ.

ಕೆಲಸ ಆಗುವುದು ಹೀಗೆ. ಹೋಗುವ ಹದಿನೈದು ದಿನ ಮೊದಲೇ ಆ ವಲಯದ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಚೇರಿಗೆ ಖುದ್ದಾಗಿ ಹೋಗಿ. ಅರ್ಜಿಯಲ್ಲಿ ಎಲ್ಲರ ಹೆಸರು, ಗುರುತಿನ ಚೀಟಿಯ ನಕಲು, ಗಾಡಿ ನಂಬರು, ದಿನಾಂಕ, ಒಳಹೋಗುವ ಮತ್ತು ಹೊರಬರುವ ಹೊತ್ತು, ಕ್ಯಾಮೆರಾ ಇದೆಯೋ ಇಲ್ಲವೋ, ಉದ್ದೇಶ ಇಷ್ಟಿರಲಿ. ಎರಡು ಪ್ರತಿ ಮಾಡಿ, ಒಂದಕ್ಕೆ ಮೊಹರು ಹಾಕಿಸಿಕೊಂಡು ಜೇಬಿನಲ್ಲಿಡಿ. ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಸಹಿ ಬೇಕೆಂದರೆ ಅವರೇ ಹೇಳುತ್ತಾರೆ. ‘ಫೋಟೊ ತೆಗೀಬೇಕು’ ಎಂದಷ್ಟೇ ಬರೆದ ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ. ಯಾವ ಭಾಗ, ಎಷ್ಟು ಜನ, ಎಷ್ಟು ಹೊತ್ತು ಎಂದು ಬಿಡಿಸಿ ಬರೆದದ್ದು ಮುಂದಕ್ಕೆ ಹೋಗುತ್ತದೆ. ಡ್ರೋನ್ ಮಾತೇ ಎತ್ತಬೇಡಿ.

ಜೊತೆಗೆ ಒಬ್ಬ ಅರಣ್ಯ ವೀಕ್ಷಕರನ್ನು ಕಳಿಸಿಕೊಡಿ ಎಂದು ಕೇಳಿ. ಬಂಡೆಯ ಮೇಲಿನ ಯಾವ ದೊಣೆಯಲ್ಲಿ (ನೀರಿನ ಕುಳಿಯಲ್ಲಿ) ನೀರು ಉಳಿದಿದೆ, ಯಾವ ಗವಿಯ ಕಡೆ ಹೋಗಬಾರದು ಎನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿರುವುದಿಲ್ಲ.

ಒಳಗೆ ಕುರಿ ಹಿಂಡು ಕಂಡರೆ ಕುರಿಗಾಹಿಯ ಮೇಲೆ ಹರಿಹಾಯಬೇಡಿ. ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವುದು ನಿಷಿದ್ಧ. ವನ್ಯಧಾಮದಲ್ಲಿ ಕೆಲವು ಹಕ್ಕುಗಳು ಉಳಿದಿರಬಹುದು. ‘ಏನಣ್ಣ, ಈ ಕಡೆ ತೋಳ ಬಂದಿತ್ತಾ?’ ಎಂದು ಕೇಳಿದರೆ ಒಳ್ಳೆಯ ಮಾಹಿತಿ ಸಿಗುತ್ತದೆ. ಅವರ ನಾಯಿಗಳಿಂದ ಮಾತ್ರ ದೂರವಿರಿ.

ಯಾವ ತಿಂಗಳು, ಯಾವ ಹೊತ್ತು

ಈ ಸೀಮೆ ಘಟ್ಟದ ಮಳೆನೆರಳಿನಲ್ಲಿದೆ. ಮುಂಗಾರಿಗಿಂತ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ನಿಜವಾದ ಮಳೆ. ಆಗ ಗುಡ್ಡ ಹಸಿರಾಗಿ ಚೆಂದ ಕಾಣುತ್ತದೆ, ಆದರೆ ಹುಲ್ಲು ಸೊಂಟದವರೆಗೆ ಬೆಳೆದು ಪ್ರಾಣಿ ಕಾಣುವುದಿಲ್ಲ. ಸೀತಾಫಲದ ಕಾಲವೂ ಅದೇ. ಹಣ್ಣಿನ ಆಸೆಗೆ ಪೊದೆಯೊಳಗೆ ಕೈಹಾಕುವ ಮೊದಲು ಕೋಲಿನಿಂದ ತಟ್ಟಿ.

ಒಂದೇ ಸಲ ಹೋಗುವುದಾದರೆ ಡಿಸೆಂಬರ್ ಕೊನೆಯಿಂದ ಫೆಬ್ರುವರಿ ನಡುವೆ ಹೋಗಿ. ಹುಲ್ಲು ಒಣಗಿ ಬಾಗಿರುತ್ತದೆ, ಚಳಿಗಾಲದ ವಲಸೆ ಹಕ್ಕಿಗಳಿರುತ್ತವೆ, ಕೊಂಡುಕುರಿಯ ಮರಿಗಳು ತಾಯಿಯ ಹಿಂದೆ ಓಡಾಡುತ್ತಿರುತ್ತವೆ. ಮಾರ್ಚ್ ಬಂದರೆ ಎಲೆ ಉದುರಿ ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ಬೆಂಕಿಯ ಕಾಲ. ಇಲಾಖೆ ಪ್ರವೇಶ ನಿಲ್ಲಿಸಿದರೆ ವಾದ ಮಾಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಉಳಿದಿರುವ ಒಂದೆರಡು ನೀರಿನ ಗುಂಡಿಗಳ ಬಳಿ ಮರೆಮಾಡಿ ಕೂತರೆ ಎಲ್ಲ ಪ್ರಾಣಿಯೂ ಸಿಗುತ್ತದೆ ಎಂದು ಹೇಳುವವರಿದ್ದಾರೆ. ಸಿಗುತ್ತದೆ, ನಿಜ. ಮನುಷ್ಯರ ವಾಸನೆ ಹಿಡಿದ ಪ್ರಾಣಿ ಅವತ್ತು ನೀರು ಕುಡಿಯದೆ ವಾಪಸ್ಸು ಹೋಗುತ್ತದೆ, ಅದೂ ನಿಜ. ಬೇಸಗೆಯಲ್ಲಿ ನೀರಿನಿಂದ ಕನಿಷ್ಠ 150 ಮೀಟರ್ ದೂರವಿರಿ, ಅದಾಗದಿದ್ದರೆ ಹೋಗಲೇಬೇಡಿ.

ಹೊತ್ತು ಮೂಡುವುದಕ್ಕೆ ಅರ್ಧ ಗಂಟೆ ಮೊದಲು ಗೇಟಿನಲ್ಲಿರಬೇಕು. ಬೆಣ್ಣೆದೋಸೆ ತಿಂದು ಹೊರಡೋಣ ಎಂದರೆ ಅವತ್ತಿನ ಕೆಲಸ ಮುಗಿದಂತೆಯೇ; ಒಂಬತ್ತರ ಹೊತ್ತಿಗೆ ಪ್ರಾಣಿಗಳು ನೆರಳು ಸೇರಿರುತ್ತವೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ.

ಏನೇನು ಒಯ್ಯಬೇಕು

8x42 ದುರ್ಬೀನು. 10 ಪಟ್ಟಿನದು ಹೆಚ್ಚು ತೋರಿಸುತ್ತದೆ ಎಂದು ಕೊಳ್ಳುತ್ತಾರೆ. ಕೈನಡುಕವನ್ನೂ ಅಷ್ಟೇ ಹೆಚ್ಚಿಸುತ್ತದೆ, ನಸುಬೆಳಕಿನಲ್ಲಿ ಮಂಕಾಗಿಯೂ ಕಾಣುತ್ತದೆ. ದಪ್ಪ ಅಟ್ಟೆಯ, ಕಣಕಾಲು ಮುಚ್ಚುವ ಬೂಟು ಬೇಕೇ ಬೇಕು: ಬಳ್ಳಾರಿ ಜಾಲಿ ಮುಳ್ಳು ತೆಳು ಅಟ್ಟೆಯನ್ನು ಸಲೀಸಾಗಿ ತೂರುತ್ತದೆ. ಬೈಕಿನ ಟೈರನ್ನೂ ಬಿಡುವುದಿಲ್ಲ, ಆದ್ದರಿಂದ ಗಾಡಿ ಜಾಡು ಬಿಟ್ಟು ಇಳಿಸಬೇಡಿ. ಒಣಹುಲ್ಲಿನ ಸೂಜಿಬೀಜ ಕಾಲುಚೀಲದೊಳಗೆ ಸೇರಿ ಚುಚ್ಚುತ್ತದೆ. ಕಾಲುಚೀಲದ ಮೇಲೆ ಪ್ಯಾಂಟಿನ ಅಂಚು ಬರುವಂತಿರಲಿ. ಒಬ್ಬರಿಗೆ ಮೂರು ಲೀಟರ್ ನೀರು, ಆರಂಗುಲದ ಸ್ಕೇಲು, ಸೀಟಿ, ಟಾರ್ಚ್. ಬಿಳಿ ಅಂಗಿ ಬೇಡ.

ನೆಲ ಓದುವುದು

ಇದೇ ಇಡೀ ಕೆಲಸದ ತಿರುಳು. ಬೆಳಿಗ್ಗೆ ಸೂರ್ಯ ಓರೆಯಾಗಿರುವಾಗ, ಹಳ್ಳದ ಮರಳು ಅಥವಾ ಗಾಡಿಜಾಡಿನ ನುಣ್ಣನೆ ಧೂಳಿನ ಮೇಲೆ, ಸೂರ್ಯನಿಗೆ ಮುಖ ಮಾಡಿ ನಡೆಯಿರಿ. ಹೆಜ್ಜೆಯ ಅಂಚಿನ ನೆರಳು ನಿಮ್ಮ ಕಡೆ ಬೀಳುವುದರಿಂದ ಗುರುತು ಎದ್ದು ಕಾಣುತ್ತದೆ. ಮಧ್ಯಾಹ್ನ ಅದೇ ಹೆಜ್ಜೆ ಕಾಣುವುದೇ ಇಲ್ಲ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಕೇಲಿಟ್ಟು ನೇರ ಮೇಲಿಂದ ತೆಗೆಯಿರಿ. ಓರೆಯಲ್ಲಿ ತೆಗೆದರೆ ಅಳತೆ ಸುಳ್ಳಾಗುತ್ತದೆ.

ಕೊಂಡುಕುರಿಯ ಮೊದಲ ಸುಳಿವು ಹಿಕ್ಕೆಗುಡ್ಡೆ. ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಕುರಿ ಮೇಕೆ ತುಂಬಿರುವ ಈ ಸೀಮೆಯಲ್ಲಿ ಹಿಕ್ಕೆ ಕಂಡ ತಕ್ಷಣ ಕುಣಿದಾಡುವಂತಿಲ್ಲ, ಆದ್ದರಿಂದ ಕೂತು ನೋಡಿ. ಮೇಕೆ ನಡೆಯುತ್ತಲೇ ಉದುರಿಸುತ್ತದೆ, ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಹಿಂಡು ತಂಗಿದ ಕಡೆ ಅಗಲಕ್ಕೆ ತುಳಿದ ನೆಲವೂ ಇರುತ್ತದೆ. ಕೊಂಡುಕುರಿಯದು ಪೊದೆಯ ಬದಿಯಲ್ಲಿ ಮೊರದಗಲದ ಒಂದೇ ರಾಶಿ: ತಳದಲ್ಲಿ ಬೂದುಬಣ್ಣಕ್ಕೆ ತಿರುಗಿ ಪುಡಿಯಾದದ್ದು, ಅದರ ಮೇಲೆ ಕಂದು, ತುದಿಯಲ್ಲಿ ಕಪ್ಪಗೆ ಮಿರುಗುವ ಹೊಸದು. ಕಡ್ಡಿಯಿಂದ ಮೇಲಿನದನ್ನು ಒಡೆದಾಗ ಒಳಗೆ ಹಸಿಯಾಗಿದ್ದರೆ ಈಚಿನದು. ಹೊಸ ಪದರವಿರುವ ರಾಶಿ ಸಿಕ್ಕಿತೆಂದರೆ ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ 60–70 ಮೀಟರ್ ಹಿಂದೆ ಸರಿದು ಕೂತು ಕಾಯಿರಿ. ಚಿಂಕಾರವೂ ಹೀಗೆ ರಾಶಿ ಹಾಕುತ್ತದೆ, ಆದರೆ ಸಾಮಾನ್ಯವಾಗಿ ತೆರೆದ ಜಾಗದಲ್ಲಿ.

ಚಿರತೆಯ ಹೆಜ್ಜೆಯಲ್ಲಿ ನಾಲ್ಕು ಬೆರಳು, ಉಗುರಿಲ್ಲ, ಹಿಂಬದಿಯ ಮೆತ್ತೆಯ ಹಿಂದಿನ ಅಂಚು ಮೂರು ಉಬ್ಬಾಗಿರುತ್ತದೆ. ನಾಯಿ, ತೋಳ, ಕತ್ತೆಕಿರುಬ ಮೂರಕ್ಕೂ ಉಗುರು ಮೂಡುತ್ತದೆ. ಕತ್ತೆಕಿರುಬದ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದುಕಾಣುವಷ್ಟು ದೊಡ್ಡದು. ಮೂಳೆ ಅಗಿಯುವುದರಿಂದ ಒಣಗಿದ ಲದ್ದಿ ಸುಣ್ಣದಂತೆ ಬೆಳ್ಳಗಿರುತ್ತದೆ. ತೋಳವನ್ನೂ ಊರನಾಯಿಯನ್ನೂ ಒಂದು ಹೆಜ್ಜೆ ನೋಡಿ ಬೇರೆ ಮಾಡುವುದು ಕಷ್ಟ. ಇಪ್ಪತ್ತು ಮಾರು ಹಿಂಬಾಲಿಸಿ: ತೋಳ ಸೀದಾ ಗೆರೆಯಲ್ಲಿ ನಡೆದಿರುತ್ತದೆ, ನಾಯಿ ಅಲ್ಲಿಲ್ಲಿ ಮೂಸುತ್ತ ಸುತ್ತಿರುತ್ತದೆ. ಕರಡಿಯ ಹಿಂಗಾಲು ಮನುಷ್ಯರ ಬರಿಗಾಲಿನ ಗುರುತಿನಂತೆಯೇ ಇರುತ್ತದೆ. ಮುಂಗಾಲಿನ ಐದು ಬೆರಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ, ಅದರಿಂದ ಸಾಕಷ್ಟು ಮುಂದೆ ಉಗುರಿನ ಕುಳಿ. ಕೆದರಿದ ಹುತ್ತ, ಬೀಜ ತುಂಬಿದ ಲದ್ದಿ ಕಂಡರೆ ಅದು ಕರಡಿಯ ಊಟದ ದಾರಿ. ಮುಂದೆ ಹೋಗುವುದನ್ನು ಅಲ್ಲಿಗೇ ನಿಲ್ಲಿಸಿ.

ಮೂರು ‘ಜಿಂಕೆ’ಗಳು

ಊರವರ ಬಾಯಲ್ಲಿ ಮೂರೂ ಜಿಂಕೆಯೇ. ನೋಡುವವರು ಬೇರೆ ಮಾಡಬೇಕು.

ಕೊಂಡುಕುರಿ ಭುಜದ ಬಳಿ ಎರಡಡಿ ಎತ್ತರ, 20 ಕಿಲೋ ಆಸುಪಾಸು. ಗಂಡಿಗೆ ಮಾತ್ರ ನಾಲ್ಕು ಕೊಂಬು: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಮೊಟಕಾದ ಇನ್ನೊಂದು ಜೊತೆ. ಈ ಮುಂದಿನ ಜೊತೆ ಕೆಲವಕ್ಕೆ ಬರೀ ಗುಬುಟಾಗಿರುತ್ತದೆ, ಆದ್ದರಿಂದ ಎರಡೇ ಕೊಂಬು ಕಂಡಿತೆಂದು ತಳ್ಳಿಹಾಕಬೇಡಿ. ಮುಂಗಾಲಿನ ಎದುರು ಭಾಗದಲ್ಲಿ ಕಪ್ಪು ಗೆರೆ ನೋಡಿ. ಒಂಟಿಯಾಗಿ ಅಥವಾ ಜೋಡಿಯಾಗಿರುತ್ತದೆ. ಕಾಲನ್ನು ಎತ್ತೆತ್ತಿ ಇಡುತ್ತ ಜರ್ಕು ಹೊಡೆದಂತೆ ನಡೆಯುತ್ತದೆ. ಗಾಬರಿಯಾದರೆ ಮೊದಲು ಕಲ್ಲಾಗಿ ನಿಲ್ಲುತ್ತದೆ. ಆಗ ನೀವೂ ನಿಂತರೆ ಒಂದೆರಡು ನಿಮಿಷ ನೋಡಬಹುದು. ಕ್ಯಾಮೆರಾ ಎತ್ತುವ ಅವಸರದಲ್ಲಿ ಕೈಯಾಡಿಸಿದರೆ ಪೊದೆ ಅಲುಗಿದ್ದಷ್ಟೇ ಉಳಿಯುತ್ತದೆ.

ಚಿಂಕಾರ ತುಸು ಎತ್ತರ, ಸಪೂರ. ಮುಖದ ಎರಡೂ ಬದಿಗೆ ಕಣ್ಣಿನಿಂದ ಮೂತಿಯ ಕಡೆಗೆ ಕಪ್ಪು ಪಟ್ಟೆ. ಕಪ್ಪು ಬಾಲ ಸದಾ ಪಟಪಟ ಆಡುತ್ತಿರುತ್ತದೆ. ಗಂಡಿನ ಕೊಂಬಿನಲ್ಲಿ ಉಂಗುರಗಳಿವೆ. ಹೆಣ್ಣಿಗೂ ಸಣ್ಣ ಕೊಂಬುಂಟು. ನೀರಿಲ್ಲದೆ ಬಹಳ ದಿನ ತಾಳುವುದರಿಂದ ಇದನ್ನು ಹೊಂಡದ ಬಳಿ ಕಾಯುವುದು ವ್ಯರ್ಥ.

ಕೃಷ್ಣಮೃಗದಲ್ಲಿ ಗೊಂದಲವೇ ಇಲ್ಲ. ಬಲಿತ ಗಂಡು ಕಪ್ಪು–ಬಿಳುಪು, ತಿರುಚಿದ ಕೊಂಬು. ಹೆಣ್ಣು ಕಂದು, ಕೊಂಬಿಲ್ಲ. ಹಿಂಡಾಗಿ ಬಯಲಲ್ಲೇ ಇರುತ್ತವೆ. ಮೆಕ್ಕೆಜೋಳದ ಹೊಲದಲ್ಲೂ ಕಾಣುತ್ತವೆ, ಆದರೆ ಅದು ರೈತರ ಬೆಳೆ; ಫೋಟೊಗಾಗಿ ಹೊಲ ತುಳಿಯಬೇಡಿ. ಇವನ್ನು ಗಾಡಿಯೊಳಗಿಂದ ನೋಡುವುದೇ ಸರಿ, ಗಾಡಿಗೆ ಅವು ಮನುಷ್ಯನಿಗಿಂತ ಕಡಿಮೆ ಹೆದರುತ್ತವೆ. 100 ಮೀಟರ್ ಆಚೆಯೇ ನಿಲ್ಲಿಸಿ, ಎಂಜಿನ್ ಆರಿಸಿ, ಬಾಗಿಲು ತೆಗೆಯದೆ ಕೂತಿರಿ. ಓಡುವ ಚಿತ್ರಕ್ಕಾಗಿ ಬೈಕಿನಲ್ಲಿ ಅಟ್ಟಿಸುವವರಿದ್ದಾರೆ. ಹಾಗೆ ಓಡಿಸಿದ ಪ್ರಾಣಿ ಆ ಕ್ಷಣ ತಪ್ಪಿಸಿಕೊಂಡರೂ ಸ್ನಾಯುಗಳು ಕೆಟ್ಟು ಆಮೇಲೆ ಸಾಯುವುದುಂಟು. ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯಿರುವ ಪರಿಶಿಷ್ಟ 1ರ ಪ್ರಾಣಿ ಅದು. ಅಟ್ಟಿಸುವುದು ಕಾನೂನಿನ ಕಣ್ಣಲ್ಲಿ ಬೇಟೆಯಷ್ಟೇ ದೊಡ್ಡ ಅಪರಾಧ.

ಗಾಳಿಯ ಲೆಕ್ಕ ತಿರುಗುವ ಜಾಗ

ಹುಲ್ಲುಗಾವಲಿನಲ್ಲಿ ಗಾಳಿಗೆ ಎದುರಾಗಿ, ಸದ್ದಿಲ್ಲದೆ ಹೋಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದೇ ಅಭ್ಯಾಸವನ್ನು ಬಂಡೆಗುಡ್ಡಕ್ಕೆ ಒಯ್ದರೆ ಅಪಾಯ. ಕರಡಿಗೆ ಕಣ್ಣು, ಕಿವಿ ಅಷ್ಟು ಚುರುಕಿಲ್ಲ. ಮೂಗೇ ಅದರ ಬಲ. ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ, ನೀವು ಮೆಲ್ಲಗೆ ಬರುತ್ತಿದ್ದರೆ, ಹತ್ತು ಹೆಜ್ಜೆ ಹತ್ತಿರ ಬರುವವರೆಗೂ ಅದಕ್ಕೆ ತಿಳಿಯುವುದಿಲ್ಲ. ದಿಢೀರನೆ ತಿಳಿದಾಗ ಓಡುವುದಕ್ಕಿಂತ ಮೈಮೇಲೆ ಬೀಳುವುದೇ ಹೆಚ್ಚು. ಗುಡ್ಡಗಳಲ್ಲಿ ಕರಡಿ ದಾಳಿ ಬಹುಪಾಲು ಹೀಗೇ ಆಗುತ್ತವೆ.

ಆದ್ದರಿಂದ ಬಂಡೆ ಸಾಲು, ಲಂಟಾನ ಪೊದೆ, ತಿರುವು ಇರುವ ಕಡೆ ಮಾತಾಡುತ್ತ, ಕೋಲಿನಿಂದ ಕಲ್ಲು ಕುಟ್ಟುತ್ತ ಹೋಗಿ. ಒಬ್ಬರೇ ಹೋಗಬೇಡಿ. ಗವಿಯೊಳಗೆ ಇಣುಕಬೇಡಿ. ಹೊತ್ತು ಮುಳುಗುವುದರೊಳಗೆ ಕೆಳಗಿಳಿದಿರಿ. ದೂರದಲ್ಲಿ ಕರಡಿ ಕಂಡರೆ ಅದಕ್ಕೆ ದಾರಿ ಬಿಟ್ಟು ಹಿಂದೆ ಹಿಂದೆ ಸರಿಯಿರಿ, ಬೆನ್ನು ತೋರಿಸಿ ಓಡಬೇಡಿ. ಮರ ಹತ್ತಿ ಪಾರಾಗುವ ಯೋಚನೆ ಬೇಡ, ಅದಕ್ಕೂ ಹತ್ತಲು ಬರುತ್ತದೆ.

ಹಾವಿನ ವಿಷಯ: ಕಲ್ಲಿನ ಕೆಳಗೆ ಗೇಣುದ್ದದ ಗರಗಸ ಮಂಡಲ, ಹುಲ್ಲಿನಲ್ಲಿ ಕೊಳಕುಮಂಡಲ. ಕಲ್ಲು ಮಗುಚಬೇಡಿ, ಬಂಡೆ ಹತ್ತುವಾಗ ಕಾಣದ ಸಂದಿಗೆ ಕೈಯಿಡಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ವಾಚು ತೆಗೆದು, ಆ ಅಂಗ ಅಲುಗದಂತೆ ಹಲಗೆ ಕಟ್ಟಿ, 108ಕ್ಕೆ ಫೋನು ಮಾಡಿ ಹಾವಿನ ವಿಷಕ್ಕೆ ಪ್ರತಿಮದ್ದು ಇರುವ ಆಸ್ಪತ್ರೆಗೆ ಸೇರಿಸಿ. ಯಾವ ಆಸ್ಪತ್ರೆಯಲ್ಲಿದೆ ಎಂದು ಹೊರಡುವ ಮುನ್ನವೇ ವಿಚಾರಿಸಿಟ್ಟುಕೊಳ್ಳಬೇಕು. ಗುಡ್ಡದ ಹಿಂದೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಕೊನೆಯದಾಗಿ ಎಲ್ಲಿ ಸಿಕ್ಕಿತು ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ನಡೆಯಿರಿ.

ಬಿಸಿಲೇರಿದ ಮೇಲೆ

ಹತ್ತರಿಂದ ನಾಲ್ಕರವರೆಗೆ ಪ್ರಾಣಿ ಸಿಗುವುದಿಲ್ಲ. ನೆಲದ ರೂಪ ನೋಡಲು ಆ ಹೊತ್ತೇ ಸಾಕು. ಹಿರಿಯೂರು ದಾರಿಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಶಿಲೆಗಳಿವೆ. ಸುಮಾರು 250 ಕೋಟಿ ವರ್ಷ ಹಿಂದೆ ನೀರಿನಡಿ ಉಕ್ಕಿದ ಲಾವಾ ದಿಢೀರ್ ತಣಿದು ಆದದ್ದು; ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಒಂದು ತುಂಡನ್ನೂ ಒಡೆಯಬೇಡಿ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿದೆ. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ, ಇಲ್ಲಿನ ಮಳೆ ಎಂಥದ್ದು ಎಂಬುದು ಅದರಿಂದಲೇ ತಿಳಿಯುತ್ತದೆ. ದಾವಣಗೆರೆ ಕಡೆಯವರಿಗೆ ಚನ್ನಗಿರಿಯ ಸೂಳೆಕೆರೆ, ಹರಿಹರ ಬಳಿಯ ಕೊಂಡಜ್ಜಿ ಕೆರೆ ಹತ್ತಿರ. ಚಳಿಗಾಲದ ನೀರುಹಕ್ಕಿಗಳಿಗೆ ಸಂಜೆ ನಾಲ್ಕರ ಮೇಲೆ, ಸೂರ್ಯ ಬೆನ್ನಿಗಿರುವ ದಂಡೆಯಲ್ಲಿ ನಿಲ್ಲಿ.

ಬಂದ ಮೇಲೆ

ಕಂಡದ್ದನ್ನು ಅವತ್ತೇ ಬರೆದಿಡಿ: ದಿನಾಂಕ, ಹೊತ್ತು, ಎಷ್ಟು, ಗಂಡೋ ಹೆಣ್ಣೋ, ಎಂಥ ನೆಲ. ‘ಕಾಣಲಿಲ್ಲ’ ಎಂಬುದನ್ನೂ ಬರೆಯಿರಿ. ಕೊಂಡುಕುರಿ, ತೋಳದ ಗೂಡು, ಗೂಬೆಯ ಗೂಡು ಇವುಗಳ ನಿಖರ ಜಾಗವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ತಾಲ್ಲೂಕಿನ ಹೆಸರು ಸಾಕು. ಫೋಟೊದೊಳಗೆ ಜಿಪಿಎಸ್ ಗುರುತು ಉಳಿದಿರುತ್ತದೆ, ಕಳಿಸುವ ಮೊದಲು ತೆಗೆದುಹಾಕಿ.

ನಡೆಯುವಾಗ ಪೊದೆಗಳ ನಡುವಿನ ಸಂದಿಯಲ್ಲಿ ಕ್ಲಚ್ ವೈರಿನ ಉರುಳು ಕಂಡರೆ, ಅಥವಾ ಹಿಟ್ಟು, ಕೊಬ್ಬು ಮೆತ್ತಿದ ಉಂಡೆ ಬಿದ್ದಿದ್ದರೆ ಮುಟ್ಟಬೇಡಿ. ಎರಡನೆಯದು ಕಾಡುಹಂದಿಗೆ ಇಟ್ಟ ಸಿಡಿಮದ್ದಾಗಿರಬಹುದು, ಕೈಯಲ್ಲೇ ಸಿಡಿಯುತ್ತದೆ. ದೂರದಿಂದ ಒಂದು ಫೋಟೊ ತೆಗೆದು, ಜಾಗದ ಗುರುತು ಬರೆದುಕೊಂಡು, ಬಂದ ದಾರಿಯಲ್ಲೇ ವಾಪಸ್ಸಾಗಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಈ ಜಾಗದ ಗುರುತನ್ನು ಮಾತ್ರ ಎಷ್ಟು ನಿಖರವಾಗಿ ಕೊಟ್ಟರೂ ಹೆಚ್ಚಾಗುವುದಿಲ್ಲ.